ಹರಕೆಗೆ ಹೋದ ಪದಕ

ಬೆಳ್ಳಿಯನ್ನು ಬೆಳಗಲು ವಿಭೂತಿಗಿಂತ ಒಳ್ಳೆಯ ಪುಡಿ ಇನ್ನೊಂದಿಲ್ಲ ಎಂಬುದು ನಮ್ಮ ಅವ್ವ ನನಗೆ ಕಲಿಸಿದ ವಿದ್ಯೆಗಳಲ್ಲಿ ಒಂದು. ಹಳೆಯ ಧೋತರದ ಚೂರಿಗೆ ಒಣ ವಿಭೂತಿ ಹಚ್ಚಿಕೊಂಡು ಮೆಲ್ಲಗೆ ತಿಕ್ಕಿದರೆ ಕಪ್ಪಡರಿದ ಕಾಲುಂಗುರವೂ, ಕುಂಕುಮದ ಬಟ್ಟಲೂ, ಸೇನೆಯವರು ಕೊಟ್ಟ ಶೌರ್ಯಪದಕವೂ ಭೇದವಿಲ್ಲದೆ ನಗುತ್ತವೆ. ಪದಕವನ್ನು ಹೀಗೆಲ್ಲ ತಿಕ್ಕಬಾರದೆಂದು ಯಾರೋ ನಿವೃತ್ತ ಅಧಿಕಾರಿಯೊಬ್ಬರು ಒಮ್ಮೆ ಹೇಳಿದ್ದುಂಟು. ಆದರೆ ಶಹಾಪುರದ ನಮ್ಮ ಮನೆಯಲ್ಲಿ ಬೆಳ್ಳಿ ಎಂದರೆ ಬೆಳ್ಳಿ, ಅದರಲ್ಲಿ ದೊಡ್ಡದು ಸಣ್ಣದು ಎಂಬ ಪಂಕ್ತಿಭೇದವಿಲ್ಲ. ಪ್ರತಿವರ್ಷ ಸ್ವಾತಂತ್ರ್ಯ ದಿನಾಚರಣೆ ಹತ್ತಿರ ಬಂದಾಗ, ಅಲಮಾರಿಯಲ್ಲಿ ಅವ್ವನ ಇಳಕಲ್ಲ ಸೀರೆಗಳ ನಡುವೆ ನುಸಿಗುಳಿಗೆಯ ವಾಸನೆ ಕುಡಿಯುತ್ತ ಮಲಗಿರುವ ಆ ಪುಟ್ಟ ಡಬ್ಬಿಯನ್ನು ಹೊರತೆಗೆದು ಪದಕವನ್ನು ಬೆಳಗಿ ಸಿದ್ಧಮಾಡುವುದು ನನ್ನ ಪಾಲಿನ ದೇಶಸೇವೆ.

ಪದಕ ನನ್ನ ತಮ್ಮ ಮಾನಪ್ಪನದು, ಜೋಪಾನ ನನ್ನೊಡನಿರುವ ಅವ್ವನದು. ಈಗ ಯಾದಗಿರಿಯ ಬ್ಯಾಂಕೊಂದರ ಬಾಗಿಲಲ್ಲಿ ಬಂದೂಕು ಹಿಡಿದು ನಿಂತು, ಪಿಂಚಣಿ ತೆಗೆಯಲು ಬಂದ ಮುದುಕಿಯರಿಗೆ ಕುರ್ಚಿ ತೋರಿಸುವ ಈ ಮನುಷ್ಯ, ಹರೆಯದಲ್ಲಿ ಹಿಮದ ಗುಡ್ಡವೊಂದರ ಮೇಲೆ ಗುಂಡುಗಳು ಹಾರುತ್ತಿರುವಾಗ ಮತ್ತೆ ಮತ್ತೆ ಏರಿಹೋಗಿ ಗಾಯಗೊಂಡ ಸಂಗಡಿಗರನ್ನು ಹೆಗಲ ಮೇಲೆ ಹೊತ್ತು ಇಳಿಸಿದವನು. ಇದನ್ನು ನಾನು ಅವನ ಬಾಯಿಂದ ಕೇಳಿದ್ದಲ್ಲ. ವರ್ಷಕ್ಕೊಮ್ಮೆ ಜಿಲ್ಲಾ ಕ್ರೀಡಾಂಗಣದಲ್ಲಿ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ನಿರೂಪಕರು ಇದನ್ನು ಓದುತ್ತಾರೆ. ಅವನೋ, ಗುರುತಿಲ್ಲದವರ ಮದುವೆಯ ಕರೆಯೋಲೆ ಕೇಳಿಸಿಕೊಂಡಂತೆ ಕೇಳಿಸಿಕೊಳ್ಳುತ್ತಾನೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಪಾಠದಲ್ಲಿ 'ನಿರ್ಭೀತಿ' ಎಂಬ ಶಬ್ದ ಬಂದಾಗಲೆಲ್ಲ ಸಂಧಿ ಬಿಡಿಸುವುದನ್ನು ಬಿಟ್ಟು ತಮ್ಮನ ಕಥೆಯನ್ನೇ ಹೇಳಿಬಿಡುತ್ತೇನೆ. ಸ್ವತಃ ನಾನು ಹಲ್ಲಿ ಲೊಚಗುಟ್ಟಿದರೂ ಹೌಹಾರುವವಳು ಎಂಬುದನ್ನು ಮಕ್ಕಳಿಗೆ ಹೇಳುವುದಿಲ್ಲ, ನಿಮಗೆ ಹೇಳಲು ಅಡ್ಡಿಯಿಲ್ಲ.

ಈ ಸಲ ಡಬ್ಬಿ ತೆರೆದೆ. ಮಖಮಲ್ಲಿನಲ್ಲಿ ಪದಕ ಕೂರುವ ದುಂಡನೆಯ ತಗ್ಗು ಇತ್ತು, ರಿಬ್ಬನ್ನು ಮಡಚಿಟ್ಟಂತೆ ಇತ್ತು, ಪದಕ ಇರಲಿಲ್ಲ. ಸೀರೆಗಳನ್ನೆಲ್ಲ ಜಾಡಿಸಿದೆ, ಅಲಮಾರಿಯ ಕೆಳಗೆ ಕೈ ಆಡಿಸಿದೆ, ಮನೆಗೆ ಬಂದುಹೋದವರನ್ನೆಲ್ಲ ಮನಸ್ಸಿನಲ್ಲೇ ಕಟಕಟೆಗೆ ಹತ್ತಿಸಿದೆ. ಗ್ಯಾಸ್ ತರುವವನು, ಸುಣ್ಣ ಬಳಿದವನು, ಪಾಪ, ಹಬ್ಬಕ್ಕೆ ಬಂದಿದ್ದ ನಾದಿನಿಯನ್ನೂ ಬಿಡಲಿಲ್ಲ. ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅವ್ವ ನನ್ನ ಗಡಿಬಿಡಿಯನ್ನು ಸಾಕಷ್ಟು ಹೊತ್ತು ನೋಡಿದಳು, ಆಮೇಲೆ ಮತ್ತೆ ಬೀಜಗಳತ್ತ ತಲೆ ಬಗ್ಗಿಸಿ ಹೇಳಿದಳು: "ಹುಡುಕಬ್ಯಾಡ. ಪೀರದೇವ್ರಿಗೆ ಕೊಟ್ಟೀನಿ."

ನಮ್ಮ ತವರು ಸುರಪುರದಾಚೆಯ ಒಂದು ಹಳ್ಳಿ. ಅಲ್ಲಿ ಮೊಹರಂ ಬಂದರೆ ಅದು ಯಾರ ಹಬ್ಬವೆಂದು ಕೇಳುವವರಿಲ್ಲ. ಅಲಾಯಿ ಕುಣಿಯ ಬೆಂಕಿಗೆ ಎಲ್ಲರ ಮನೆಯ ಕಟ್ಟಿಗೆಯೂ ಹೋಗುತ್ತದೆ. ಆಶುರಖಾನೆಯಲ್ಲಿ ಪೀರದೇವರ ಬೆಳ್ಳಿಯ ಹಸ್ತವನ್ನು ಕೂರಿಸಿದರೆಂದರೆ ಸಕ್ಕರೆಯಿಟ್ಟು ಪ್ರಾರ್ಥನೆ ಓದಿಸಲು ನಮ್ಮ ಓಣಿಯ ಹೆಣ್ಣುಮಕ್ಕಳೇ ಮುಂದೆ. ಕಣ್ಣುಬೇನೆ ವಾಸಿಯಾದವರು ಬೆಳ್ಳಿಯ ಕಣ್ಣು, ಕೂಸು ಕಂಡವರು ಬೆಳ್ಳಿಯ ತೊಟ್ಟಿಲು, ಹೀಗೆ ಹರಕೆ ಹೊತ್ತವರು ಹೊತ್ತದ್ದನ್ನು ತಂದು ದೇವರಿಗೆ ಕೆಂಪು ದಾರದಲ್ಲಿ ಕಟ್ಟುತ್ತಾರೆ. ಮಾನಪ್ಪ ಯುದ್ಧದಲ್ಲಿದ್ದು ಅವನ ಸುದ್ದಿಯೇ ಇಲ್ಲದಿದ್ದ ದಿನಗಳಲ್ಲಿ ಅವ್ವ ಅಲ್ಲಿ ಸೆರಗೊಡ್ಡಿದ್ದಳಂತೆ: ಮಗ ಜೀವಂತ ಬರಲಿ, ಅವನ ಕೈಯಿಂದ ಮನೆಗೆ ಬರುವ ಮೊದಲ ಬೆಳ್ಳಿ ನಿನ್ನದು. ಸೊಸೆಗೊಂದು ಕಾಲುಂಗುರವೋ ಮೊಮ್ಮಗನಿಗೊಂದು ಉಡಿದಾರವೋ ಮೊದಲು ಬಂದೀತು ಎಂಬುದು ಅವಳ ಎಣಿಕೆ. ಬಂದದ್ದು ಪದಕ. ಊರಿಗೆ ಊರೇ ಮುಟ್ಟಿ ಕಣ್ಣಿಗೊತ್ತಿಕೊಂಡದ್ದನ್ನು ಕೊಡಲು ಮನಸ್ಸು ಬರದೆ ಅವಳು ವರ್ಷ ದೂಡಿದಳು. ದೇವರೂ ತಕರಾರು ಮಾಡಲಿಲ್ಲ.

ಹಾಗಾದರೆ ಈಗೇಕೆ ಎಂದು ಕೇಳುವಿರಿ. ನಾನೂ ಅದನ್ನೇ, ಸ್ವಲ್ಪ ಜೋರಾಗಿಯೇ, ಕೇಳಿದೆ. ಮಾನಪ್ಪನ ಒಬ್ಬನೇ ಮಗ ಶರಣು ಅಪ್ಪನ ದಾರಿ ಹಿಡಿದು ಸೇನೆ ಸೇರಿದ್ದಾನೆ, ಈ ವರ್ಷ ಗಡಿಯ ಎತ್ತರದ ಠಾಣೆಯೊಂದಕ್ಕೆ ಹೋಗಿದ್ದಾನೆ. ಅಲ್ಲಿ ಫೋನು ಹತ್ತುವುದಿಲ್ಲ ಅತ್ತಿ, ನೀವು ಅಂಜಬೇಡಿ ಎಂದು ನಗುತ್ತ ಹೇಳಿ ಹೋದವನ ದನಿ ಕೇಳಿ ಬಹಳ ದಿನವಾಗಿದೆ. ಇತ್ತ ಟಿವಿಯಲ್ಲಿ ಇಸ್ತ್ರಿ ಮುರಿಯದ ಕೋಟು ತೊಟ್ಟವರು ಮೇಜು ಗುದ್ದಿ ಯುದ್ಧ ಬೇಕೇ ಬೇಕು ಎನ್ನುತ್ತಾರೆ. ಇವರ ಮನೆಯ ಮಕ್ಕಳು ಯಾವ ಠಾಣೆಯಲ್ಲಿದ್ದಾರೋ ಎಂದು ನನಗೆ ಹೊಟ್ಟೆ ಉರಿಯುತ್ತದೆ. ಅವ್ವ ಟಿವಿ ನೋಡುವುದಿಲ್ಲ. ಮೊಹರಮ್ಮಿಗೆ ಊರಿಗೆ ಹೋಗಿಬರುತ್ತೇನೆಂದು ಎಂದಿನಂತೆ ಹೊರಟವಳು ಸೆರಗಿನ ಗಂಟಿನಲ್ಲಿ ಅದನ್ನು ಒಯ್ದಿದ್ದಳು.

"ಮಗನ ಹರಕಿ ಉಳಿಸ್ಕೊಂಡು, ಮೊಮ್ಮಗನ್ನ ಕಾಯಿ ಅಂತ ಯಾವ ಬಾಯಿಲೆ ಕೇಳ್ಲಿ?" ಎಂದಳು. ನಾನು ಬಿ.ಎಡ್. ಮಾಡಿದವಳು, ಜಾಡಿಸಿದ ಸೀರೆಗಳನ್ನು ಮತ್ತೆ ಮಡಚತೊಡಗಿದೆ.

ನನಗೆ ಸಿಟ್ಟಿತ್ತು, ಸಿಟ್ಟಿನ ಅಡಿಯಲ್ಲಿ ದಿಗಿಲಿತ್ತು. ಕಟ್ಟಿದ್ದನ್ನೆಲ್ಲ ಹಬ್ಬದ ಮೇಲೆ ಬಿಚ್ಚಿಡುವ ಕಾಣಿಕೆಯ ಪೆಟ್ಟಿಗೆ ತುಂಬಿದಾಗ ಪತ್ತಾರನನ್ನು ಕರೆಸಿ, ಎಲ್ಲ ಬೆಳ್ಳಿಯನ್ನೂ ಕರಗಿಸಿ ದೇವರಿಗೆ ಛತ್ರಿ ಮಾಡಿಸುವುದು ಅಲ್ಲಿಯ ವಾಡಿಕೆ. ಈ ವರ್ಷ ಛತ್ರಿಯ ಮಾತು ನಡೆದಿದೆ ಎಂದು ಅವ್ವ ಹೆಮ್ಮೆಯಿಂದ ಹೇಳಿದಳು. ಕಣ್ಣು ಮುಚ್ಚಿದರೆ ಮೂಸೆಯಲ್ಲಿ ತಮ್ಮನ ಹೆಸರು ಕರಗಿ ಹರಿಯುವುದೇ ಕಾಣುತ್ತಿತ್ತು. ಕ್ರೀಡಾಂಗಣದಲ್ಲಿ ಕೇಳಿದವರಿಗೆ ಅವನು ಏನು ಹೇಳಬೇಕು? ಮಾರಿಕೊಂಡನೆಂದು ಆಡಿಕೊಂಡರೆ? ಬಾಯಿಗಳಿಗೇನು, ಮಡಕೆಯ ಬಾಯಿಗಾದರೆ ಮುಚ್ಚಳವಿದೆ. ಮುಚ್ಚಳವಿಲ್ಲದ ಬಾಯಿಗಳಿಗಿಂತ ಹೆಚ್ಚು ನನ್ನನ್ನು ಕೊರೆದದ್ದು ಇನ್ನೊಂದು: ಜೀವವನ್ನೇ ಪಣಕ್ಕಿಟ್ಟವನ ಕೈಯಲ್ಲಿ ಆ ದಿನಗಳದೆಂದು ಉಳಿದದ್ದು ಅದೊಂದೇ ತುಣುಕು, ಅದನ್ನೂ ನಾವೇ, ಒಡಹುಟ್ಟಿದವರು ಹೆತ್ತವರು, ಕಳೆದೆವಲ್ಲ ಎಂಬುದು.

ಗೆಳೆಯರೇ, ಧೈರ್ಯಕ್ಕೆ ಪದಕವುಂಟು, ಅಂಜಿಕೆಗೆ ಏನುಂಟು? ಗುಡ್ಡ ಹತ್ತಿದವನ ಹೆಸರನ್ನು ಓದುವಾಗ ಇಡೀ ಕ್ರೀಡಾಂಗಣ ಎದ್ದು ನಿಲ್ಲುತ್ತದೆ, ನಿಲ್ಲಲೇಬೇಕು. ಆದರೆ ಅವನು ಹತ್ತುತ್ತಿದ್ದ ಹೊತ್ತಿಗೆ ಇಲ್ಲಿ ರೊಟ್ಟಿ ತಟ್ಟುತ್ತಿದ್ದ ಕೈ ಸುಟ್ಟುಕೊಂಡದ್ದು ತಿಳಿಯದೆ ಕೂತವಳಿದ್ದಳಲ್ಲ, ಅವಳ ಅಂಜಿಕೆ ಎಷ್ಟು ಎತ್ತರದ್ದೆಂದು ಯಾರು ಅಳೆದರು? ಧೈರ್ಯಕ್ಕಾದರೋ ಒಂದು ಕೊನೆಯಿದೆ, ಕೆಲಸ ಮುಗಿದರೆ ಅದೂ ಮುಗಿದು ಕಥೆಯಾಗುತ್ತದೆ. ಅಂಜಿಕೆ ಕಥೆಯಾಗುವುದಿಲ್ಲ, ಮಗನಿಂದ ಮೊಮ್ಮಗನಿಗೆ ದಾಟುತ್ತದೆ, ಬಾಗಿಲು ಬಡಿದ ಸಪ್ಪಳಕ್ಕೆ ಎದ್ದು ಕೂರುತ್ತದೆ. ಹೀಗೆಲ್ಲ ತತ್ತ್ವ ನೂಕುತ್ತಿದ್ದರೂ ಒಳಗೊಳಗೆ ನಾನು ಲೆಕ್ಕ ಹಾಕುತ್ತಿದ್ದದ್ದು, ಪತ್ತಾರ ಬರುವ ಮೊದಲು ಊರು ಮುಟ್ಟಬೇಕೆಂದು.

ಭಾನುವಾರ ಮಾನಪ್ಪನನ್ನು ಶಹಾಪುರಕ್ಕೆ ಕರೆಸಿಕೊಂಡು ಸುರಪುರದ ಬಸ್ಸು ಹತ್ತಿದೆ. ಕಾರಣ ಹೇಳಿರಲಿಲ್ಲ. ಬಸ್ಸಿನಲ್ಲಿ ಹೇಳಿದೆ, ಅವ್ವನ ಮೇಲೆ ಸಿಟ್ಟಾಗಬೇಡ, ಇಮಾಮ ಕಾಕಾ ಒಳ್ಳೆಯವರು, ಕೇಳಿದರೆ ಕೊಡುತ್ತಾರೆ ಎಂದು ಒಂದೇ ಉಸಿರಿನಲ್ಲಿ ಸೇರಿಸಿದೆ. ಇಮಾಮ ಕಾಕಾ ಎಂದರೆ ಆಶುರಖಾನೆಯನ್ನು ನೋಡಿಕೊಳ್ಳುವ ಮುಜಾವರ, ನಮ್ಮಿಬ್ಬರನ್ನೂ ಎತ್ತಿ ಆಡಿಸಿದವರು. ಮಾನಪ್ಪ ಕಿಟಕಿಯ ಹೊರಗೆ ಕಾಲುವೆಯ ನೀರಿನಲ್ಲಿ ನಿಂತ ಭತ್ತದ ಗದ್ದೆಗಳನ್ನೇ ನೋಡುತ್ತಿದ್ದ. ಅವ್ವ ಅದನ್ನು ಎಂದು ಕಟ್ಟಿದಳೆಂದು ಕೇಳಿದ. ಮೊಹರಮ್ಮಿಗೆ ಎಂದೆ. ಅವನ ತುಟಿ ಅಲುಗಿತು. ಶರಣುವಿನ ಕೊನೆಯ ಕರೆ ಬಂದ ದಿನದಿಂದ ಮೊಹರಮ್ಮಿನ ತನಕ ಅವನು ದಿನ ಎಣಿಸುತ್ತಿದ್ದನೆಂದು ನನಗೆ ಆಗ ಹೊಳೆಯಲಿಲ್ಲ.

ಕಾಕಾ ನಮ್ಮನ್ನು ಕಂಡು ಹಿಗ್ಗಿದರು, ಚಹಾ ತರಿಸಿದರು, ನಾನು ಹೇಳಿದ್ದನ್ನು ಗಡ್ಡ ಸವರಿಕೊಳ್ಳುತ್ತ ಪೂರ್ತಿ ಕೇಳಿದರು. ಅವ್ವ ಕಟ್ಟಿದ್ದು ಇಂಥ ಬೆಳ್ಳಿಯೆಂದು ಆ ಗದ್ದಲದಲ್ಲಿ ಅವರ ಗಮನಕ್ಕೆ ಬಂದಿರಲಿಲ್ಲ. ಪೆಟ್ಟಿಗೆಯನ್ನು ಚಾಪೆಯ ಮೇಲೆ ತೆರೆದರು. ಪುಣ್ಯ, ಪತ್ತಾರ ಬಂದಿರಲಿಲ್ಲ. ಕಣ್ಣುಗಳು, ತೊಟ್ಟಿಲುಗಳು, ಬೆರಳುದ್ದದ ಕುದುರೆಗಳು, ಯಾರದೋ ಮುರಿದ ಕಾಲಿನ ನೆನಪಿಗೆ ಒಂದು ಪುಟ್ಟ ಕಾಲು, ಇವೆಲ್ಲದರ ನಡುವೆ, ಕೊರಳಿಗೆ ಕೆಂಪು ದಾರ ಬಿಗಿಸಿಕೊಂಡು, ಪದಕ ಇತ್ತು. ಸುತ್ತಲಿನ ಕಣ್ಣು ಕಾಲುಗಳಿಗಿಂತ ತಾನು ಮೇಲೆಂಬ ಬಿಂಕವೇನೂ ಅದಕ್ಕಿದ್ದಂತೆ ಕಾಣಲಿಲ್ಲ.

ಕಾಕಾ ಅದನ್ನೆತ್ತಿ ಅಂಗೈಯಲ್ಲಿಟ್ಟು ಮುಂದೆ ಹಿಡಿದರು. "ತಗೋ ತಮ್ಮಾ. ಸರಕಾರ ನಿನಗ ಕೊಟ್ಟಿದ್ದು. ಇದರ ಬದಲಿ ಬ್ಯಾರೆ ಬೆಳ್ಳಿ ಕಟ್ಟಿದ್ರ ಆತು, ಪೀರ ಏನೂ ಅನ್ನಂಗಿಲ್ಲ."

ಮಾನಪ್ಪನ ಕೈ ಮುಂದೆ ಬಂತು. ಅರ್ಧಕ್ಕೆ ನಿಂತಿತು. "ಕಾಕಾ, ಇಲ್ಲಿ ಕೊಟ್ಟಿದ್ದು ಹೊಳ್ಳಿ ಒಯ್ದವ್ರು ಯಾರರ ಅದಾರೇನ್ರಿ?" ಎಂದು ಕೇಳಿದ.

ಕಾಕಾ ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಅವರು ಸುಳ್ಳು ಹೇಳುವವರಲ್ಲ. ಇಲ್ಲಿಯತನಕ ಯಾರೂ ಇಲ್ಲ ಎಂದರು.

ಗುಂಡಿನ ನಡುವೆ ಹಿಂಜರಿಯಲಿಲ್ಲವೆಂದು ನಾನು ಮಕ್ಕಳಿಗೆ ವರ್ಷವರ್ಷ ಹೇಳಿಕೊಂಡು ಬಂದ ಆ ಕೈ ನನ್ನ ಕಣ್ಣೆದುರೇ ಹಿಂದಕ್ಕೆ ಹೋಯಿತು. ಅವನು ಎರಡೂ ಕೈಗಳನ್ನು ತೊಡೆಗಳ ಕೆಳಗೆ ಒತ್ತಿಟ್ಟುಕೊಂಡು ಕೂತ. "ಇರ್ಲಿ ಬಿಡ್ರಿ. ಛತ್ರಿ ಮಾಡ್ಸೂ ಮುಂದ ಇದನ್ನೂ ಹಾಕ್ರಿ," ಎಂದ. ಬಿಡಿಸಿ ತರಬೇಕೆಂದೇ ಬಂದವಳು ನಾನು. ತಡೆಯಬೇಕಿತ್ತು. ಆದರೆ ನಿಜ ಹೇಳುತ್ತೇನೆ, ಅವನೇನಾದರೂ ಅದನ್ನು ಕೈಗೆ ತೆಗೆದುಕೊಂಡಿದ್ದರೆ ಕಸಿದು ಪೆಟ್ಟಿಗೆಗೆ ಹಾಕುತ್ತಿದ್ದವಳೂ ನಾನೇ. ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆಯನ್ನು ಸ್ಟಾಫ್ ರೂಮಿನಲ್ಲಿ ಮಾಡಬಹುದು. ಮನೆಯ ಹುಡುಗ ಗಡಿಯಲ್ಲಿರುವಾಗ, ಫೋನು ಹತ್ತದಿರುವಾಗ, ಆ ಚಾಪೆಯ ಮೇಲೆ ಕೂತು ಮಾಡಲಾಗುವುದಿಲ್ಲ.

ಮರಳುವ ಬಸ್ಸಿಗೆ ಹೊತ್ತಿತ್ತು. ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತೆವು. ಕ್ರೀಡಾಂಗಣದಲ್ಲಿ ಕೇಳಿದರೆ ಏನು ಹೇಳುತ್ತೀ ಎಂದೆ. ಪದಕ ಡ್ಯೂಟಿಯ ಮೇಲೆ ಹೋಗಿದೆ ಅನ್ನುತ್ತೇನೆ ಎಂದು ನಗಲು ನೋಡಿದ. ನಗು ಮುಖದ ತನಕ ಬರಲಿಲ್ಲ. ಜೇಬಿನಿಂದ ಫೋನು ತೆಗೆದು ನೋಡಿ ಒಳಗಿಟ್ಟ, ಮತ್ತೆ ತೆಗೆದ. ಇಷ್ಟು ವರ್ಷ ಕೇಳದೆ ಬಿಟ್ಟಿದ್ದನ್ನು ಆಗ ನಾನು ಕೇಳಿಬಿಟ್ಟೆ: ಆ ಗುಡ್ಡದ ಮೇಲೆ, ಅಷ್ಟು ಸಲ ಏರಿಹೋಗುವಾಗ, ನಿನಗೆ ಒಮ್ಮೆಯೂ ಅಂಜಿಕೆಯಾಗಲಿಲ್ಲವೇ?

ಅವನು ಕೈಯಲ್ಲಿದ್ದ ಫೋನಿನಿಂದ ಕಣ್ಣು ತೆಗೆಯದೆ ಹೇಳಿದ: "ಅವತ್ತು ನನಗ ಮಗ ಇದ್ದಿದ್ದಿಲ್ಲ, ಅಕ್ಕ."