ಹಳ್ಳದಾಚೆಯ ಹೂವು

ಮಳೆಗೆ ಗೋಡೆ ಒದ್ದೆಯಾಯಿತೆಂದು ಕಪಾಟು ಖಾಲಿ ಮಾಡುವಾಗ ಒಂದು ಪ್ಲಾಸ್ಟಿಕ್ ಉಂಗುರ ಸಿಕ್ಕಿತು. ಹರಳಿರಬೇಕಾದ ಜಾಗದಲ್ಲಿ ಪುಟ್ಟ ಬಟ್ಟಲು. ಅದರ ಅಂಚಿಗೆ ಇನ್ನೂ ಹಳದಿ ಹುಡಿ ಅಂಟಿತ್ತು…

ಅದು ಪಕ್ಕದ ಮನೆಯ ಚಿಗವ್ವ ನನ್ನ ಬೆರಳಿಗೆ ಹಾಕಿದ್ದು. ಬೇವೂರಿನ ಹತ್ತಿರದ ನಮ್ಮ ಊರಲ್ಲಿ ಅವಳು ಹಳ್ಳದಾಚೆಯ ಹೊಲವೊಂದನ್ನು ಗುತ್ತಿಗೆ ಹಿಡಿದು, ಕಂಪನಿಯೊಂದಕ್ಕೆ ಟೊಮೆಟೊ ಬೀಜ ಬೆಳೆಯುತ್ತಿದ್ದಳು. ಓಣಿಯ ಹೆಂಗಸರಿಗೆಲ್ಲ ಅಲ್ಲಿ ಕ್ರಾಸಿಂಗ್ ಕೆಲಸ. ಸಂಜೆ ಒಂದೊಂದೇ ಮೊಗ್ಗಿನ ಎಸಳು ತೆರೆದು ಚಿಮಟದಿಂದ ಕೇಸರ ಕಿತ್ತು ಬರಬೇಕು. ಮರುದಿನ ಬೆಳಗ್ಗೆ ಆ ಹೂವಿಗೆ ಬೇರೆ ತಳಿಯ ಹೂವಿನ ಹುಡಿ, ಅಂದರೆ ಪರಾಗ, ಮುಟ್ಟಿಸಬೇಕು. ತಡವಾದರೆ ಹೂವು ಕಾಯಿಗಟ್ಟದೆ ಉದುರುತ್ತದೆ. ಕಾಲೇಜಿನ ರಜೆಯಲ್ಲಿ ನಾನೂ ಹೋಗುತ್ತಿದ್ದೆ. ಉಂಗುರಕ್ಕೆ ಹುಡಿ ತುಂಬುವಾಗ ಚಿಗವ್ವ ಪ್ರತಿಸಲವೂ ಹೇಳುತ್ತಿದ್ದಳು:

“ಕೈ ಒರೆಸ್ಕೊಳವ್ವಾ. ನೀರು ತಾಗಿದ್ರ ಹುಡಿ ಸಾಯ್ತೈತಿ.”

ಆ ವರ್ಷ ಹೂವು ಭರ್ತಿಯಿದ್ದಾಗಲೇ ರಾತ್ರಿಯಿಡೀ ಮಳೆ ಸುರಿಯಿತು. ಬೆಳಗ್ಗೆ ಹೋದರೆ ಹಳ್ಳದ ಸೇತುವೆಯೇ ಕಾಣಲಿಲ್ಲ. ಬರೀ ರಾಡಿ ನೀರು. ನಮ್ಮನ್ನು ಹೊಲಕ್ಕೆ ಒಯ್ಯುವ ಟಂಟಂ ಆಟೋದವನು ಗಾಡಿಯನ್ನು ದಂಡೆಯಲ್ಲೇ ನಿಲ್ಲಿಸಿದ.

“ಮುಂದ ತಗೊಳೋ,” ಎಂದಳು ಚಿಗವ್ವ.

“ಇದು ಟಂಟಂ ಐತಿ ಚಿಗವ್ವಾ, ಹಡಗಲ್ಲ. ನಾಳೆ ಹೋಗೂಣಂತ.”

“ನಾಳೆ ತನಕ ಕಾಯಾಕ ಹೂವೇನು ನಿನ್ನ ಗಾಡಿ ಹತ್ತೋ ಮಂದಿ ಏನೋ?”

ಹೆಂಗಸರು ನಕ್ಕರು. ಅವಳು ನಗಲಿಲ್ಲ. ಸುತ್ತಿ ಹೋಗುವ ದಾರಿಯೂ ಕೊಚ್ಚಿಹೋಗಿತ್ತು. ಹುಡಿಯ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ, ಎದೆಗೊತ್ತಿಕೊಂಡು ದಂಡೆಯ ಮೇಲೆ ಕುಳಿತಳು. ಆಚೆ ನಮ್ಮ ಹೊಲದ ಸುತ್ತ ಕಟ್ಟಿದ್ದ ಬಿಳಿ ಬಲೆಯ ಪರದೆ ಕಾಣುತ್ತಿತ್ತು. ಹುಡಿ ಈಚೆ, ಹೂವು ಆಚೆ… ಮಧ್ಯಾಹ್ನದವರೆಗೂ ಅವಳು ಏಳಲಿಲ್ಲ.

ಮಳೆ ದಿನಗಟ್ಟಲೆ ಹಿಡಿಯಿತು. ನೀರಿಳಿದ ಮೇಲೆ ಹೋದಾಗ, ಮುಟ್ಟಿದರೆ ಸಾಕು, ಹೂವು ಉದುರುತ್ತಿದ್ದವು. ಚಿಗವ್ವ ಸಾಲು ಮುಗಿಯುವವರೆಗೂ ಒಂದೊಂದನ್ನೇ ಮುಟ್ಟುತ್ತ ಹೋದಳು. ಕಂಪನಿಯ ಏಜೆಂಟ ಬಂದು ನೋಡಿದ.

“ಮುಂದಿನ ಸಲ ಬೀಜದ ಕೆಲಸ ಛಲೋ ರಸ್ತಾ ಇರೋ ಊರಿಗೆ ಕೊಡ್ತೀವ್ರಿ.”

“ಹಳ್ಳ ನಾ ಹರಿಸೇನೇನ್ರಿ?” ಎಂದಷ್ಟೇ ಕೇಳಿದಳು.

ಓಣಿಯ ಕೆಲಸ ಅಲ್ಲಿಗೆ ಮುಗಿಯಿತು. ಒಂದೊಂದೇ ಮನೆಗೆ ಬೀಗ ಬಿತ್ತು. ಚಿಗವ್ವ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದಳು. ಅಲ್ಲೇ ತೀರಿಕೊಂಡಳೆಂದು ಬಹಳ ತಡವಾಗಿ ಕೇಳಿದೆ…

ಈಗ ನಾನು ಕೊಪ್ಪಳದಲ್ಲಿದ್ದೇನೆ. ಇವತ್ತೂ ಹಳ್ಳ ತುಂಬಿ ನಮ್ಮೂರಿನ ಬಸ್ಸು ದಂಡೆಯಿಂದಲೇ ಹಿಂದಿರುಗಿತಂತೆ. ಉಂಗುರದಲ್ಲಿರುವ ಹುಡಿ ಸತ್ತು ವರ್ಷಗಳಾದವು, ಅದು ನನಗೆ ಗೊತ್ತು. ಆದರೂ ಕೈ ಒರೆಸಿಕೊಂಡೇ ಎತ್ತಿಟ್ಟೆ.