ಸಾಯಬಮ್ಮ ನಂಬಿದ ನೀಲಿ ಬೆಳಕು

ಶಹಾಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸಾಯಬಮ್ಮ ಹನ್ನೊಂದು ವರ್ಷದಿಂದ ಆಪರೇಷನ್ ಕೋಣೆ ನೋಡಿಕೊಳ್ಳುತ್ತಿದ್ದಳು. ನೆಲ ಒರೆಸಿ, ಟೇಬಲ್ ತೊಳೆದು, ಕೊನೆಗೆ ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಹಾಕಿ ಹೊರಗಿನ ಸ್ವಿಚ್ ಒತ್ತುವಳು. ಒಳಗೆ ಯು.ವಿ. ಟ್ಯೂಬುಗಳು ನೀಲಿಯಾಗಿ ಹೊತ್ತಿಕೊಳ್ಳುತ್ತಿದ್ದವು. ಅರ್ಧ ತಾಸು ಆ ಬೆಳಕು ಬಿದ್ದರೆ ಕಣ್ಣಿಗೆ ಕಾಣದ ಕ್ರಿಮಿಗಳೆಲ್ಲ ಸಾಯುತ್ತವೆ ಎಂದು ನರ್ಸ್ ಕಹಕಶಾ ಮೊದಲ ದಿನವೇ ತಿಳಿಸಿದ್ದಳು. ಟ್ಯೂಬು ಮಾತ್ರ ಮುಟ್ಟಬೇಡ ಎಂದಿದ್ದಳು. ಸಾಯಬಮ್ಮ ಮುಟ್ಟಿರಲಿಲ್ಲ.

ಭೀಮಾ ನದಿಯಲ್ಲಿ ಮೀನು ಹಿಡಿಯುತ್ತಿದ್ದ ಗಂಡ ಅಂಬಣ್ಣ ತೀರಿಕೊಂಡ ಮೇಲೆ ಅವಳಿಗೆ ಉಳಿದವಳು ಮಗಳು ಮಲ್ಲೇಶ್ವರಿ ಒಬ್ಬಳೇ. ಅವಳನ್ನು ಸುರಪುರದ ಮರಿಲಿಂಗನಿಗೆ ಕೊಟ್ಟಿದ್ದಳು. ಚೊಚ್ಚಲ ಹೆರಿಗೆ ತಮ್ಮೂರಲ್ಲೇ ಆಗಲಿ ಎಂದು ಅಳಿಯ ಎಷ್ಟು ಹೇಳಿದರೂ ಸಾಯಬಮ್ಮ ಒಪ್ಪಲಿಲ್ಲ.

"ನನ್ನ ಕೈಯಾಗ ತೊಳದ ಖೋಲಿ ಐತಿ. ಅಲ್ಲಿ ನಿನಗೇನೂ ಆಗಂಗಿಲ್ಲ, ನನ್ನವ್ವಾ," ಎಂದು ಮಗಳ ತಲೆ ನೇವರಿಸಿದಳು.

ಕೂಸು ಅಡ್ಡ ತಿರುಗಿದ್ದರಿಂದ ಸಿಸೇರಿಯನ್ ಎಂದರು. ಆ ಮುಂಜಾನೆ ಸಾಯಬಮ್ಮ ಕೋಣೆಯನ್ನು ಎರಡು ಸಲ ಒರೆಸಿ, ಅರ್ಧ ತಾಸಿನ ಬದಲು ಒಂದು ತಾಸು ದೀಪ ಉರಿಸಿದಳು. ಹೆಣ್ಣು ಹುಟ್ಟಿತು. ಮೂರನೇ ದಿನ ಹೊಲಿಗೆಯಲ್ಲಿ ಕೀವು ಕಂಡಿತು, ಜ್ವರ ಏರಿತು. ಕಲಬುರಗಿಗೆ ಸಾಗಿಸಿದರೂ ಒಂಬತ್ತನೇ ದಿನ ಮಲ್ಲೇಶ್ವರಿ ಹೋಗಿಬಿಟ್ಟಳು.

ತಿಂಗಳಾದ ಮೇಲೆ ದೀಪ ಪರೀಕ್ಷಿಸಲು ಶಿವರಾಜ ಎಂಬ ಮೆಕ್ಯಾನಿಕ್ ಬಂದ. ಸಣ್ಣ ಮೀಟರ್ ಹಿಡಿದು ನೋಡಿದ. ದೀಪ ಆರಿಸಿ, ಟ್ಯೂಬಿನ ಮೇಲೆ ಬೆರಳೆಳೆದು ದಪ್ಪಗೆ ಕೂತ ಧೂಳು ತೋರಿಸಿದ. ಒರೆಸದೆ ಧೂಳು ಕೂತರೆ ಬೆಳಕು ಹಾಯುವುದಿಲ್ಲ, ಟ್ಯೂಬೂ ಹಳೆಯವು, ಕ್ರಿಮಿ ಕೊಲ್ಲುವ ತಾಕತ್ತು ಇವಕ್ಕೆ ಹೋಗಿ ಎರಡು ವರ್ಷವಾದರೂ ಆಗಿರಬೇಕು ಎಂದ.

ಬಾಗಿಲಲ್ಲಿದ್ದ ಸಾಯಬಮ್ಮ, "ಬಣ್ಣ ಹಂಗೇ ಇತ್ತಲ್ಲೋ ಯಪ್ಪಾ," ಎಂದಳು.

"ಬಣ್ಣ ಹೋಗಂಗಿಲ್ಲ ಯವ್ವಾ. ಬಲ ಹೋಗ್ತದ."

ಸೋಂಕು ಎಲ್ಲಿಂದಲಾದರೂ ತಗಲಬಹುದು, ಅದೇ ಕೋಣೆಯಿಂದ ಎಷ್ಟೋ ಬಾಣಂತಿಯರು ಆರಾಮಾಗಿ ಮನೆಗೆ ಹೋಗಿದ್ದಾರೆ, ದೀಪದಿಂದಲೇ ಹೀಗಾಯಿತೆಂದು ಹೇಳಲು ಬರುವುದಿಲ್ಲ ಎಂದು ಡಾಕ್ಟರು ತಿಳಿಹೇಳಿದರು. ಅದು ಸುಳ್ಳಲ್ಲ. ಆದರೆ ದೀಪದಿಂದ ಅಲ್ಲವೆಂದು ಹೇಳಲೂ ಅವರಿಗೆ ಬರಲಿಲ್ಲ. ಕಹಕಶಾ ಪಕ್ಕದಲ್ಲಿ ಕೂತು, ಮುಟ್ಟಬೇಡ ಎಂದವಳು ನಾನೇ ಎಂದು ಅತ್ತಳು.

"ನಿಮಗಾದ್ರೂ ಯಾರು ಹೇಳಿದ್ರು ಸಿಸ್ಟರ್?" ಎಂದಳು ಸಾಯಬಮ್ಮ. "ಅಕಿನ್ನ ಇಲ್ಲಿಗೆ ಕರಕೊಂಡು ಬಂದಾಕಿ ನಾನು."

ಆ ಭಾನುವಾರ ಬಸ್ಸು ಹತ್ತಿ ಸುರಪುರಕ್ಕೆ ಹೋದಳು. ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಅಳಿಯನ ಮುಂದೆ ಒಂದನ್ನೂ ಬಿಡದೆ ಹೇಳಿದಳು. ಮರಿಲಿಂಗ ತಲೆ ಬಗ್ಗಿಸಿ ಕೇಳಿದ, ಎದ್ದು ಹೊರಗೆ ಹೋದ. ಅವಳ ಬಸ್ಸಿನ ಹೊತ್ತಾದರೂ ತಿರುಗಿ ಬರಲಿಲ್ಲ.

ಆಸ್ಪತ್ರೆಗೆ ಹೊಸ ಟ್ಯೂಬುಗಳು ಬಂದಿವೆ. ಸಾಯಬಮ್ಮ ಕೆಲಸ ಬಿಟ್ಟಿಲ್ಲ. ಭಾನುವಾರ ತಪ್ಪದೆ ಸುರಪುರಕ್ಕೆ ಹೋಗುತ್ತಾಳೆ. ಮರಿಲಿಂಗ ಬಾಗಿಲು ತೆಗೆದು ಕೂಸನ್ನು ಅವಳ ಕೈಗೆ ಕೊಡುತ್ತಾನೆ. ಮಾತಾಡುವುದಿಲ್ಲ.