ಗೋಡೆಯ ಟಿವಿ ಕೇಳಿದ ಪ್ರಶ್ನೆ

ತರೀಕೆರೆಯ ಆ ಆಸ್ಪತ್ರೆಗೆ ಕಣ್ಣಿನ ಡಾಕ್ಟರು ದಿನಾ ಬರುವುದಿಲ್ಲ. ಇವತ್ತು ಯಾವ ಡಾಕ್ಟರು ಅನ್ನುವ ಆಯಾ ದಿನದ ಪಟ್ಟಿ ಬೇರೊಂದು ವೆಬ್‌ಸೈಟಿನಲ್ಲಿರುತ್ತದೆ. ಆಸ್ಪತ್ರೆಯ ಸರ್ವರ್ ಕಂಪ್ಯೂಟರೇ ಹೋಗಿ ಆ ಪುಟ ತಂದು ರೋಗಿಗಳು ಕೂರುವ ಕಡೆ ಗೋಡೆಯ ಟಿವಿಯಲ್ಲಿ ತೋರಿಸಲಿ ಅಂತ ನಾನೊಂದು ಪ್ಲಗಿನ್, ಅಂದರೆ ಪುಟ್ಟ ಪ್ರೋಗ್ರಾಮು, ಬರೆದುಕೊಟ್ಟಿದ್ದೆ.

ಅವತ್ತು ಬೆಳಿಗ್ಗೆ ಆ ವೆಬ್‌ಸೈಟಿಗೆ ನಮ್ಮ ಸರ್ವರ್ ಮೇಲೆ ಅನುಮಾನ ಬಂದು, ಪಟ್ಟಿಯ ಬದಲು ಒಂದು ಪ್ರಶ್ನೆ ಕೊಟ್ಟು ಕಳಿಸಿತು. ಪ್ಲಗಿನ್ ಅದನ್ನೇ ತಂದು ಟಿವಿಗೆ ಹಾಕಿತು: ‘ನೀವು ಮನುಷ್ಯರೇ? ಖಚಿತಪಡಿಸಿ.’

ಅಂತರಘಟ್ಟೆಯಿಂದ ತಾಯಿಯನ್ನು ಕರೆತಂದಿದ್ದ ಹೆಂಗಸೊಬ್ಬಳು ಅದನ್ನು ಜೋರಾಗಿ ಓದಿದಳು. ಪೊರೆ ಬಂದ ಕಣ್ಣನ್ನು ಟಿವಿ ಕಡೆ ತಿರುಗಿಸಿ ಅಜ್ಜಿ ಕೇಳಿತು, “ಅದ್ಯಾಕಂತೆ ಅನುಮಾನ?”

“ಅದು ಕೇಳ್ತಿರೋದು ನಿಮ್ಮನ್ನಲ್ಲ ಅಜ್ಜಿ, ನಮ್ಮ ಮಿಷಿನ್ನ,” ಅಂದೆ.

“ಹಂಗಾದ್ರೆ ಅಲ್ಲ ಅಂತ ಹೇಳಕ್ ಹೇಳಪ್ಪ ಅದಕ್ಕೆ.”

ಜನ ನಕ್ಕರು. ಆಸ್ಪತ್ರೆಯ ಮ್ಯಾನೇಜರು ನಗಲಿಲ್ಲ. “ಮರ್ಯಾದೆ ಹೋಗ್ತಿದೆ ಕಣ್ರೀ. ಹೊಸದು ಸಿಗದಿದ್ರೆ ಹಳೇ ಪುಟಾನೇ ತೋರಿಸ್ಲಿ,” ಅಂದರು. ಹಳೇದು ಅಂತ ಮೇಲೊಂದು ಸಾಲು ಹಾಕೋಣ ಅಂದೆ. “ಬೇಡ, ಜನ ಗಲಾಟೆ ಮಾಡ್ತಾರೆ.”

ಅವರು ಹೇಳಿದಂತೆ ಮಾಡಿದೆ; ಟಿವಿಯಲ್ಲಿ ನಿನ್ನೆಯ ಪಟ್ಟಿ ಬಂತು. ಅದರಲ್ಲಿ ಕಣ್ಣಿನ ಡಾಕ್ಟರ ಹೆಸರಿತ್ತು. ತಾಯಿ ಮಗಳು ಅದನ್ನು ನಂಬಿ ಕೂತರು. ಡಾಕ್ಟರು ಬರಲೇ ಇಲ್ಲ.

ಸಂಜೆ ಬಾಗಿಲು ಹಾಕುವಾಗ ಅಜ್ಜಿ ಮಗಳ ಭುಜ ಹಿಡಿದು ಎದ್ದಿತು. “ಬೆಳಿಗ್ಗೆ ಪ್ರಶ್ನೆ ಕೇಳ್ತಿದ್ದಾಗ್ಲೇ ವಾಸಿಯಿತ್ತು ಕಣೇ. ಆಗ ಸುಳ್ಳಾದ್ರೂ ಹೇಳ್ತಿರ್ಲಿಲ್ಲ.”

ಆ ಪ್ರಶ್ನೆಯನ್ನು ಟಿವಿಯಿಂದ ತೆಗೆದದ್ದಕ್ಕೆ ನನಗೇನೂ ಬೇಜಾರಿಲ್ಲ. ತೆಗೆದು ಮ್ಯಾನೇಜರ ರೂಮಿನ ಬಾಗಿಲಿಗೆ ಅಂಟಿಸಬೇಕಿತ್ತು.